ಬೇಸಿಗೆ ರಜೆಯ ಆನ್‌ಲೈನ್ ಬರವಣಿಗೆ ತರಗತಿ: ಯಾವ ಮಗುವಿಗೆ ಯಾವುದು?

ಮಾರ್ಚ್ ಮುಗಿಯುವ ಹೊತ್ತಿಗೆ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಪೋಸ್ಟರ್‌ಗಳು ಶುರುವಾಗುತ್ತವೆ. ಕಥೆ ಬರೆಯಲು ಕಲಿಯಿರಿ, ಪುಟಾಣಿ ಲೇಖಕರ ಶಿಬಿರ, ಹತ್ತೇ ದಿನದಲ್ಲಿ ಸೃಜನಶೀಲ ಬರವಣಿಗೆ. ಎಲ್ಲವೂ ಆನ್‌ಲೈನ್, ಎಲ್ಲದಕ್ಕೂ ಸರ್ಟಿಫಿಕೇಟ್, ಎಲ್ಲದರಲ್ಲೂ ‘ಕೆಲವೇ ಸೀಟು ಬಾಕಿ’. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ. ಹತ್ತಿರ ಹತ್ತಿರ ಏಳು ವಾರ. ಅದರಲ್ಲಿ ಅಜ್ಜಿ ಮನೆ, ಎರಡು ಮದುವೆ, ಊರ ಜಾತ್ರೆ ಕಳೆದರೆ ಕೈಯಲ್ಲಿ ಉಳಿಯುವುದು ನಾಲ್ಕು ವಾರ. ಅಷ್ಟರಲ್ಲಿ ಯಾವುದಕ್ಕೆ ಸೇರಿಸೋಣ ಅನ್ನುವುದು ಮನೆಮನೆಯ ಪ್ರಶ್ನೆ.

ಮಕ್ಕಳ ನೋಟ್‌ಬುಕ್ ತಿದ್ದುವುದು ನನ್ನ ಕೆಲಸದ ಭಾಗ. ಹಾಗಾಗಿ ಇಂಥ ತರಗತಿಗಳ ಬಗ್ಗೆ ಯಾರಾದರೂ ಕೇಳಿದರೆ ನಾನು ಪಠ್ಯಕ್ರಮ ನೋಡುವುದಿಲ್ಲ, ನಡೆಸುವವರ ಹೆಸರನ್ನೂ ನೋಡುವುದಿಲ್ಲ. ಕೇಳುವುದು ಮೂರೇ ಮಾತು. ಮಗು ಬರೆದದ್ದನ್ನು ಯಾರು ಓದುತ್ತಾರೆ? ಓದಿ ಏನು ಹೇಳುತ್ತಾರೆ? ಹೇಳಿದ ಮೇಲೆ ಮಗು ಅದನ್ನೇ ಇನ್ನೊಂದು ಸಲ ಬರೆಯುತ್ತದಾ? ಕೆಳಗಿರುವ ಎಲ್ಲ ಹೋಲಿಕೆಯೂ ಈ ಮೂರರ ಮೇಲೆಯೇ ನಿಂತಿದೆ.

ಮೊದಲು ಒಂದು ಲೆಕ್ಕ

ಒಂದು ಗಂಟೆಯ ಲೈವ್ ತರಗತಿಯಲ್ಲಿ 30 ಮಕ್ಕಳಿದ್ದಾರೆ ಅಂದುಕೊಳ್ಳಿ. ಟೀಚರ್ ತಾವು ಏನೂ ಹೇಳದೆ ಬರೀ ಮಕ್ಕಳ ಮಾತು ಕೇಳಿದರೂ ಒಬ್ಬೊಬ್ಬರಿಗೆ ಸಿಗುವುದು 2 ನಿಮಿಷ. 6 ಮಕ್ಕಳಿದ್ದರೆ 10 ನಿಮಿಷ. ತರಗತಿಯ ಹೊರಗಿನ ಕೆಲಸ ಇನ್ನೂ ದೊಡ್ಡದು. 300 ಪದದ ಒಂದು ಕಥೆಯನ್ನು ಎರಡು ಸಲ ಓದಿ, ಮಗುವಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಬರೆಯಲು ಏನಿಲ್ಲವೆಂದರೂ 10 ನಿಮಿಷ ಬೇಕು. 30 ಕಥೆಗೆ 5 ಗಂಟೆ. ಹತ್ತು ದಿನಕ್ಕೆ 499 ರೂಪಾಯಿ ಫೀಸು ಇಟ್ಟವರು ಈ ಕೆಲಸ ಮಾಡುವುದಿಲ್ಲ, ಮಾಡಲು ಅವರಿಗೆ ಗಿಟ್ಟುವುದೂ ಇಲ್ಲ. ಅದು ಮೋಸ ಅಂತಲ್ಲ. ಅವರು ಮಾರುತ್ತಿರುವುದು ಬೇರೆ ಏನನ್ನೋ, ಅಷ್ಟೆ. ಅದೇನು ಅಂತ ನಾವು ತಿಳಿದುಕೊಂಡರೆ ಸರಿ.

ದೊಡ್ಡ ಬ್ಯಾಚಿನ ಶಿಬಿರ

ಅವರು ಮಾರುವುದು ಹುರುಪನ್ನು. ಕಥೆ ಹೇಳುವವರು ಚೆನ್ನಾಗಿದ್ದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ಚಾಟ್‌ನಲ್ಲಿ ಉತ್ತರ ಹಾಕುತ್ತಾರೆ, ಕೊನೆಗೆ ಇಬ್ಬರು-ಮೂವರು ತಮ್ಮ ಬರಹ ಓದುತ್ತಾರೆ. ಆ ಇಬ್ಬರು-ಮೂವರು ಸಾಮಾನ್ಯವಾಗಿ ಮೊದಲೇ ಚುರುಕಾಗಿ ಕೈ ಎತ್ತುವವರು. ಉಳಿದವರ ಕ್ಯಾಮೆರಾ ಮೂರನೇ ದಿನಕ್ಕೆ ಆಫ್.

ಇದುವರೆಗೆ ಕಥೆ-ಗಿಥೆ ಎಂದರೆ ಮೂಗು ಮುರಿಯುವ ಮಗುವಿಗೆ ಒಂದು ರುಚಿ ತೋರಿಸಬೇಕಿದ್ದರೆ ಇದು ಸಾಕು. ಬರೆಯುವುದನ್ನು ಕಲಿಯಲಿ ಎಂದು ಸೇರಿಸಿದರೆ ನಿರಾಸೆ ಗ್ಯಾರಂಟಿ.

ಸಣ್ಣ ಗುಂಪಿನ ಲೈವ್ ತರಗತಿ

ನನ್ನ ಮತ ಬಹುಮಟ್ಟಿಗೆ ಇದಕ್ಕೆ. ಐದರಿಂದ ಎಂಟು ಮಕ್ಕಳು, ಹೆಚ್ಚೂಕಡಿಮೆ ಒಂದೇ ವಯಸ್ಸು. ಇಲ್ಲಿ ಟೀಚರ್ ಜೊತೆಗೆ ಇನ್ನೂ ಐದಾರು ಓದುಗರು ಸಿಗುತ್ತಾರೆ. ತನ್ನ ಕಥೆಯಲ್ಲಿ ಎಲ್ಲಿ ಎಲ್ಲರೂ ನಕ್ಕರು, ಎಲ್ಲಿ ಯಾರಿಗೂ ಅರ್ಥವಾಗಲಿಲ್ಲ ಎಂದು ಮಗುವಿಗೆ ತಕ್ಷಣ ಗೊತ್ತಾಗುತ್ತದೆ. ಇದನ್ನು ಎಂಥ ಒಳ್ಳೆಯ ಮೇಷ್ಟ್ರೂ ಒಬ್ಬರೇ ಕೊಡಲಾರರು.

ಆದರೆ ಸಣ್ಣ ಗುಂಪು ಅಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ನೋಡಬೇಕಾದ ಕೆಲವು ಸಂಗತಿಗಳಿವೆ.

ವಾರಕ್ಕೆ ಎಷ್ಟು ದಿನ ಎನ್ನುವುದು ಮೊದಲನೆಯದು. ದಿನವೂ ಒಂದು ಗಂಟೆಯಂತೆ ಹತ್ತು ದಿನ ಸತತ ನಡೆಯುವ ತರಗತಿಗಿಂತ, ವಾರಕ್ಕೆ ಎರಡರಂತೆ ನಾಲ್ಕು ವಾರ ನಡೆಯುವ ಎಂಟು ತರಗತಿ ಮೇಲು. ಮಧ್ಯದ ದಿನಗಳಲ್ಲೇ ಮಗು ಬರೆಯುವುದು. ಟೀಚರ್ ಓದುವುದೂ ಆಗಲೇ. ಇಂದು ಕಥೆ, ನಾಳೆ ಕವಿತೆ, ನಾಡಿದ್ದು ನಾಟಕ ಅಂತ ಓಡುವ ತರಗತಿಯಲ್ಲಿ ಯಾವ ಬರಹಕ್ಕೂ ಎರಡನೇ ಸಲ ಕೈ ಹಚ್ಚುವ ಬಿಡುವು ಇರುವುದಿಲ್ಲ.

ಎರಡನೆಯದು ವಯಸ್ಸಿನ ಅಂತರ. ಪೋಸ್ಟರ್‌ನಲ್ಲಿ ‘8ರಿಂದ 15 ವರ್ಷ’ ಅಂತ ಇದ್ದರೆ ಎಷ್ಟು ಬ್ಯಾಚ್ ಮಾಡುತ್ತೀರಿ ಎಂದು ಕೇಳಿ. ಒಂದೇ ಬ್ಯಾಚ್ ಅಂದರೆ ಬಿಟ್ಟುಬಿಡಿ. ಮೂರನೇ ಕ್ಲಾಸಿನ ಮಗು ಮತ್ತು ಒಂಬತ್ತನೇ ಕ್ಲಾಸಿನ ಹುಡುಗಿ ಒಂದೇ ಪರದೆಯಲ್ಲಿ ಕೂತರೆ ಒಬ್ಬರು ಹೆದರುತ್ತಾರೆ, ಇನ್ನೊಬ್ಬರು ಆಕಳಿಸುತ್ತಾರೆ.

ಮೂರನೆಯದು ಡೆಮೊ ಕ್ಲಾಸ್. ಡೆಮೊ ಚೆನ್ನಾಗಿರದೆ ಇನ್ನೇನು? ಅಲ್ಲಿ ಬರುವವರು ಅವರ ಅತ್ಯುತ್ತಮ ಟೀಚರ್. ಬ್ಯಾಚ್ ಶುರುವಾದ ಮೇಲೆ ಬರುವವರೂ ಇವರೇನಾ ಎಂದು ಕೇಳಿ. ಅದಕ್ಕಿಂತ ಒಳ್ಳೆಯ ದಾರಿ, ಹಿಂದಿನ ಬ್ಯಾಚಿನ ಒಂದು ಮಗುವಿನ ಬರಹವನ್ನು ತಿದ್ದಿದ ಮಾದರಿ ಕೇಳುವುದು. ಹೆಸರು ಅಳಿಸಿ ಕೊಡಲಿ, ಪರವಾಗಿಲ್ಲ. ‘ತುಂಬಾ ಚೆನ್ನಾಗಿದೆ, ಹೀಗೇ ಬರೆಯುತ್ತಿರು’ ಎಂದಷ್ಟೇ ಇದ್ದರೆ ಅವರು ಓದಿಲ್ಲ. ಬರೀ ಕೆಂಪು ಇಂಕಿನಲ್ಲಿ ಒತ್ತಕ್ಷರ ತಿದ್ದಿದ್ದರೆ ಅದು ಶಾಲೆಯಲ್ಲೇ ಆಗುವ ಕೆಲಸ. ‘ನಾಯಿ ಕಳೆದುಹೋಯಿತು ಅಂತ ಬರೆದೆ, ಆಮೇಲೆ ತಟ್ಟನೆ ಸಿಕ್ಕಿತು ಅಂದೆ. ರಾಜು ಮೊದಲು ಎಲ್ಲಿ ಹುಡುಕಿದ? ಅಮ್ಮನಿಗೆ ಹೇಳೋಕೆ ಹೆದರಿದನಾ?’ ಈ ಥರ ಇದ್ದರೆ ಫೀಸು ಸ್ವಲ್ಪ ಜಾಸ್ತಿಯಾದರೂ ಸೇರಿಸಿ. ಒಂದು ಪರಿಚಿತ ಮನೆಯ ಮಗುವಿನ ಆರು ಬರಹಗಳಿಗೂ ಒಂದೇ ಸಾಲಿನ ಹೊಗಳಿಕೆ ಬಂದಿತ್ತು, ಅದೂ ಒಂದೇ ಎಮೋಜಿ ಜೊತೆ. ಆರನೆಯದರಲ್ಲಿ ಹುಡುಗ ಬೇಕಂತಲೇ ಮಧ್ಯೆ ಒಂದು ಕ್ರಿಕೆಟ್ ಸ್ಕೋರ್ ಬರೆದಿದ್ದ. ಅದಕ್ಕೂ ‘ಸೂಪರ್’.

ಒಬ್ಬರಿಗೊಬ್ಬರು

ದುಬಾರಿ. ಗಂಟೆ ಲೆಕ್ಕದಲ್ಲಿ ಸಣ್ಣ ಗುಂಪಿನ ಕೆಲವು ಪಟ್ಟು ಆಗುತ್ತದೆ. ನಾಲ್ಕು ಜನರ ಮುಂದೆ ಬಾಯೇ ಬಿಡದ ಮಗುವಿಗೆ, ಬರೆಯುವುದೇ ಕಷ್ಟ ಎನ್ನುವ ಮಗುವಿಗೆ, ಇಲ್ಲವೇ ಕೈಯಲ್ಲಿ ಒಂದು ದೊಡ್ಡ ಕೆಲಸ ಹಿಡಿದಿರುವ ಹದಿಹರೆಯದವರಿಗೆ ಇದು ಸರಿ. ಉಳಿದವರಿಗೆ ಜೊತೆಗಾರರಿಲ್ಲದೆ ಬೇಸರ. ಮಧ್ಯದ ದಾರಿಯೂ ಇದೆ. ಗುಂಪಿಗೆ ಸೇರಿಸಿ, ಜೊತೆಗೆ ಒಂದೋ ಎರಡೋ ಬಿಡಿ ಗಂಟೆ ಕೊಡುತ್ತೀರಾ ಎಂದು ಕೇಳಿ. ಹಲವರು ಒಪ್ಪುತ್ತಾರೆ.

ರೆಕಾರ್ಡ್ ಮಾಡಿದ ಕೋರ್ಸ್

ಹದಿನಾಲ್ಕರ ಕೆಳಗಿನವರಿಗೆ ಬೇಡ. ವಿಡಿಯೊ ಓಡುತ್ತಿರುತ್ತದೆ, ಮಗು ಇನ್ನೊಂದು ಟ್ಯಾಬ್‌ನಲ್ಲಿ ಇರುತ್ತದೆ. ಪಿಯುಸಿ, ಡಿಗ್ರಿ ಹುಡುಗರಿಗಾದರೆ ಮಾತು ಬೇರೆ. ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಸಾಹಿತ್ಯದ ಕೋರ್ಸ್‌ಗಳು ಇವೆ. ಕೇಳುವುದಕ್ಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಶುಲ್ಕ. ಆದರೆ ಅವು ಸಾಹಿತ್ಯ ಓದುವವರಿಗೆ. ನಿಮ್ಮ ಕಥೆ ಓದಿ ಹೇಳುವವರು ಅಲ್ಲಿ ಯಾರೂ ಇಲ್ಲ.

ಸಾಹಿತ್ಯದ ತರಗತಿಯೋ, ಬರವಣಿಗೆಯದೋ?

ಪೋಸ್ಟರ್‌ನಲ್ಲಿ ಎರಡೂ ಒಟ್ಟಿಗೆ ಇರುತ್ತವೆ, ಒಳಗೆ ಒಂದೇ ಇರುತ್ತದೆ. ಹತ್ತು ವರ್ಷದೊಳಗಿನ ಮಗುವಿಗೆ ನಾನಂತೂ ಓದಿನ ತರಗತಿಯನ್ನೇ ಹೇಳುತ್ತೇನೆ. ಒಂದು ಕಥೆ ಒಟ್ಟಿಗೆ ಓದುವುದು, ನಿಲ್ಲಿಸಿ ಮುಂದೇನಾಗಬಹುದು ಅಂತ ಹೇಳುವುದು, ಅದರ ಚಿತ್ರ ಬರೆಯುವುದು, ಅದೇ ಕಥೆಯನ್ನು ಕಾಗೆಯ ಬಾಯಲ್ಲಿ ಹೇಳಿಸುವುದು. ಬರವಣಿಗೆ ಇದರ ಬೆನ್ನಿಗೇ ಬರುತ್ತದೆ. ಹನ್ನೊಂದು-ಹನ್ನೆರಡರ ಮೇಲೆ ಬರವಣಿಗೆಗೆ ಒತ್ತು ಕೊಡುವ ತರಗತಿ ನೋಡಬಹುದು.

ಇನ್ನೊಂದು ಗುಪ್ತ ಜಾತಿಯೂ ಇದೆ. ಹೆಸರು ಸೃಜನಶೀಲ ಬರವಣಿಗೆ, ಒಳಗೆ ನಡೆಯುವುದು ಗಾದೆ ವಿಸ್ತರಣೆ, ಪತ್ರ ಲೇಖನ, ಪ್ರಬಂಧ. ಅಂದರೆ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯ ಟ್ಯೂಷನ್. ಅದು ಬೇಕಿದ್ದರೆ ಖಂಡಿತ ತಗೊಳ್ಳಿ, ಅಂಕ ಯಾರಿಗೆ ಬೇಡ? ಆದರೆ ‘ಪೀಠಿಕೆ, ವಿಷಯ ವಿವರಣೆ, ಉಪಸಂಹಾರ’ ಎಂಬ ಅಚ್ಚಿನಲ್ಲಿ ವರ್ಷವಿಡೀ ಬರೆದ ಮಗುವಿಗೆ ರಜೆಯಲ್ಲೂ ಅದೇ ಅಚ್ಚು ಕೊಡಬೇಕಾ ಎಂದು ಯೋಚಿಸಿ.

ಕನ್ನಡವೋ, ಇಂಗ್ಲಿಷೋ?

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಗು ಕನ್ನಡ ಮಾತಾಡುತ್ತದೆ, ಓದಲು ತಡವರಿಸುತ್ತದೆ, ಬರೆಯುವಾಗ ಕಾಗುಣಿತದಲ್ಲೇ ಸುಸ್ತಾಗುತ್ತದೆ. ಅಂಥ ಮಗುವನ್ನು ಇಂಗ್ಲಿಷ್ ಬರವಣಿಗೆ ತರಗತಿಗೆ ಸೇರಿಸುವುದು ಸುಲಭ. ಅಲ್ಲಿ ಆಯ್ಕೆಯೂ ಜಾಸ್ತಿ. ಕನ್ನಡದಲ್ಲಿ ಹುಡುಕಬೇಕು. ಆದರೆ ಮಗು ಅಜ್ಜಿ ಜೊತೆ ಜಗಳ ಆಡುವುದು, ಕನಸು ಹೇಳುವುದು ಕನ್ನಡದಲ್ಲೇ ಆದರೆ, ಅದರ ಕಥೆಗಳೂ ಕನ್ನಡದಲ್ಲೇ ಇವೆ. ಹೇಳಲಿ, ನೀವು ಬರೆದುಕೊಳ್ಳಿ. ಕಾಗುಣಿತ ನಿಧಾನವಾಗಿ ಬರುತ್ತದೆ. ಇಂಥ ಮಗುವಿಗೆ ಮೊದಲು ಬಾಯಲ್ಲಿ ಹೇಳಿಸಿ ಆಮೇಲೆ ಬರೆಸುವ ಟೀಚರ್ ಸಿಕ್ಕರೆ ಸರಿ. ಮೊದಲ ದಿನವೇ ಅಲ್ಪಪ್ರಾಣ-ಮಹಾಪ್ರಾಣದ ಪಾಠ ಶುರು ಮಾಡುವವರು ಬೇಡ.

ಕನ್ನಡ ತರಗತಿಯನ್ನು ಅಳೆಯಲು ನನ್ನ ಹತ್ತಿರ ಒಂದು ಪ್ರಶ್ನೆ ಇದೆ. ಮಗು ತನ್ನ ಕಥೆಯ ಮಾತುಕತೆಯಲ್ಲಿ ‘ನಾ ಬರಾಕತ್ತೀನಿ’ ಎಂದೋ, ‘ಎಲ್ಲಿಗ್ ಹೊಂಟೆ ಕಣ್ಲಾ’ ಎಂದೋ ಬರೆದರೆ ಏನು ಮಾಡುತ್ತೀರಿ? ತಿದ್ದಿ ‘ನಾನು ಬರುತ್ತಿದ್ದೇನೆ’ ಮಾಡಿಸುತ್ತೇವೆ ಎಂದರೆ ಧಾರವಾಡದ ಅಜ್ಜನೂ ಮಂಡ್ಯದ ಮಾವನೂ ಆ ಕಥೆಯಿಂದ ಎದ್ದು ಹೋದರು ಅಂತ ಲೆಕ್ಕ.

ಟೈಪಿಂಗ್ ವಿಷಯವನ್ನೂ ಮೊದಲೇ ಮಾತಾಡಿಕೊಳ್ಳಿ. ಕೆಲವರು ಬರಹವನ್ನು ಟೈಪ್ ಮಾಡಿಯೇ ಕಳಿಸಬೇಕು ಅನ್ನುತ್ತಾರೆ. ಹತ್ತು ವರ್ಷದ ಮಗುವಿಗೆ ಕನ್ನಡ ಕೀಲಿಮಣೆಯೇ ಇನ್ನೊಂದು ಕೋರ್ಸ್ ಆಗಿಬಿಡುತ್ತದೆ. ಕೊನೆಗೆ ರಾತ್ರಿ ಹತ್ತಕ್ಕೆ ಅಮ್ಮ ಟೈಪ್ ಮಾಡುತ್ತಾ ಕೂರಬೇಕು. ನೋಟ್‌ಬುಕ್‌ನಲ್ಲಿ ಬರೆದು ಫೋಟೊ ಕಳಿಸಿದರೆ ಸಾಕು ಎನ್ನುವವರು ಒಳ್ಳೆಯದು. ಕೈಬರಹದಲ್ಲಿ ಹೊಡೆದುಹಾಕಿದ್ದು, ಸೇರಿಸಿದ್ದು ಎಲ್ಲ ಟೀಚರಿಗೆ ಕಾಣುತ್ತದೆ.

ಹೊರದೇಶದಲ್ಲಿರುವವರಿಗೆ

ಇಲ್ಲಿಯ ಬ್ಯಾಚ್‌ಗಳು ಏಪ್ರಿಲ್-ಮೇನಲ್ಲಿ. ಅಮೆರಿಕದ ಶಾಲೆಗಳಿಗೆ ರಜೆ ಬರುವುದು ಜೂನ್‌ನಿಂದ. ಇಲ್ಲಿ ಸಂಜೆ 7 ಗಂಟೆ ಅಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ 6.30, ನ್ಯೂಯಾರ್ಕ್‌ನಲ್ಲಿ 9.30, ಲಂಡನ್ನಿನಲ್ಲಿ ಮಧ್ಯಾಹ್ನ 2.30, ದುಬೈಯಲ್ಲಿ ಸಂಜೆ 5.30. ನ್ಯೂಯಾರ್ಕ್ ಮತ್ತು ದುಬೈಯವರಿಗೆ ಹೊಂದುತ್ತದೆ. ಕ್ಯಾಲಿಫೋರ್ನಿಯಾದ ಮಗುವನ್ನು ರಜೆಯಲ್ಲಿ ಆರಕ್ಕೆ ಎಬ್ಬಿಸುವುದು ನಿಮಗೆ ಬಿಟ್ಟಿದ್ದು. ಜೂನ್-ಜುಲೈ ಬ್ಯಾಚ್ ಮಾಡುತ್ತೀರಾ ಎಂದು ನಾಲ್ಕು ಮನೆಯವರು ಸೇರಿ ಒಬ್ಬ ಟೀಚರನ್ನು ಕೇಳಿದರೆ ಸಣ್ಣ ಗುಂಪು ತಾನಾಗಿಯೇ ಆಯಿತು.

ಅಲ್ಲಿಯ ಕನ್ನಡ ಶಾಲೆಗಳು ಮುಖ್ಯವಾಗಿ ಅಕ್ಷರ, ಓದು, ಮಾತು ಕಲಿಸುತ್ತವೆ. ಅದು ಬಹಳ ದೊಡ್ಡ ಕೆಲಸ, ಆದರೆ ಕಥೆ ಬರೆಸುವ ತರಗತಿಯ ಕೆಲಸ ಬೇರೆ. ಒಂದರ ಬದಲು ಇನ್ನೊಂದು ಆಗುವುದಿಲ್ಲ.

ಇಂಗ್ಲಿಷ್ ಬರವಣಿಗೆಗೆ ವಿದೇಶಿ ಆಯ್ಕೆಗಳು ಬೇಕಾದಷ್ಟಿವೆ. ಔಟ್‌ಸ್ಕೂಲ್ ಎಂಬ ಜಾಲತಾಣ ಒಂದು ಸಂತೆ ಇದ್ದ ಹಾಗೆ. 3ರಿಂದ 18 ವರ್ಷದವರಿಗೆ ಸಾವಿರಾರು ತರಗತಿ, ಪ್ರತಿ ಟೀಚರ್ ಬೇರೆ, ದರವೂ ಬೇರೆ. ಅಲ್ಲಿ ತರಗತಿಯ ಹೆಸರಿಗಿಂತ ಟೀಚರ್ ಬಗ್ಗೆ ಪೋಷಕರು ಬರೆದದ್ದನ್ನು ಓದಿ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 1979ರಲ್ಲಿ ಪ್ರತಿಭಾವಂತ ಮಕ್ಕಳಿಗೆಂದು ಶುರು ಮಾಡಿದ ಸಿಟಿವೈ ಇನ್ನೊಂದು ತುದಿ. ಅರ್ಹತೆ ತೋರಿಸಿಯೇ ಒಳಗೆ ಹೋಗಬೇಕು, ಫೀಸು ಡಾಲರಿನಲ್ಲಿ. ಇಲ್ಲಿಂದ ಸೇರಿಸುವವರು ಆ ಹೆಸರಿಗಾಗಿ ಸೇರಿಸುತ್ತಿದ್ದೀರಾ, ಬರವಣಿಗೆಗಾಗಿಯಾ ಅಂತ ತಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಹಳೆಯ ಸಲಹೆಗಳಲ್ಲಿ ಈಗಲೂ ಒಂದೇ ತಿಂಗಳಲ್ಲಿ ಕಾದಂಬರಿ ಬರೆಸುತ್ತಿದ್ದ ನ್ಯಾನೊರೈಮೊ ಸಂಸ್ಥೆಯ ಮಕ್ಕಳ ವಿಭಾಗದ ಹೆಸರು ಕಾಣುತ್ತದೆ. ಆ ಸಂಸ್ಥೆ 2025ರಲ್ಲಿ ಮುಚ್ಚಿತು. ಹುಡುಕಿ ಸಮಯ ಕಳೆಯಬೇಡಿ.

ದುಡ್ಡು ಕೊಡದ ದಾರಿ

ಮನೆಯಲ್ಲಿ ವಾರಕ್ಕೆ ಎರಡು ಗಂಟೆ ಬಿಡುವಿರುವ ದೊಡ್ಡವರು ಒಬ್ಬರಿದ್ದರೆ, ದೊಡ್ಡ ಬ್ಯಾಚಿನ ಶಿಬಿರಕ್ಕಿಂತ ಇದೇ ವಾಸಿ. ಅಕ್ಕನ ಮಕ್ಕಳು, ಅಪಾರ್ಟ್‌ಮೆಂಟಿನ ಗೆಳೆಯರು, ಊರಿಗೆ ಹೋಗಿರುವ ಕಸಿನ್‌ಗಳು ಅಂತ ನಾಲ್ಕೈದು ಮಕ್ಕಳನ್ನು ಸೇರಿಸಿ. ಗೂಗಲ್ ಮೀಟ್‌ನಲ್ಲಿ ಗುಂಪಿನ ಕರೆಗೆ ಒಂದು ಗಂಟೆ ಬಿಟ್ಟಿ, ಜೂಮ್‌ನಲ್ಲಿ 40 ನಿಮಿಷ. ಮಕ್ಕಳಿಗೆ 40 ನಿಮಿಷವೇ ಸರಿ ಅನ್ನಿ.

ಓದಲು ಏನು? ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಸಾಕಷ್ಟಿವೆ. ಓದಿನ ಹಂತದ ಪ್ರಕಾರ ಜೋಡಿಸಿದ್ದಾರೆ, ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೂ ಓದಬಹುದು. ಇದಕ್ಕಿಂತ ನನಗೆ ಇಷ್ಟವಾಗುವುದು ಬೇರೆ. ಅಲ್ಲಿಯ ಚಿತ್ರಗಳನ್ನು ಬಳಸಿ ಮಗು ತನ್ನದೇ ಕಥೆ ಕಟ್ಟಬಹುದು, ಇಂಗ್ಲಿಷಿನ ಒಂದು ಪುಸ್ತಕವನ್ನು ಕನ್ನಡಕ್ಕೆ ತರಬಹುದು. ಹನ್ನೆರಡು-ಹದಿಮೂರರ ಮಗುವಿಗೆ ಅನುವಾದಕ್ಕಿಂತ ಒಳ್ಳೆಯ ಬರವಣಿಗೆ ಪಾಠ ಇಲ್ಲ ಅಂತ ನನ್ನ ನಂಬಿಕೆ. ಕಥೆ ಏನು ಅನ್ನುವ ತಲೆಬಿಸಿ ಇಲ್ಲ, ಪೂರ್ತಿ ಗಮನ ಮಾತಿನ ಮೇಲೆ. ನ್ಯಾಷನಲ್ ಬುಕ್ ಟ್ರಸ್ಟಿನ ರಾಷ್ಟ್ರೀಯ ಇ-ಪುಸ್ತಕಾಲಯ ಆ್ಯಪ್ ಕೂಡ ಉಚಿತ. ಸ್ವಲ್ಪ ದೊಡ್ಡ ಮಕ್ಕಳಿಗೆ ಈಗಿನವರು ಬರೆದ ಕನ್ನಡ ಪುಸ್ತಕ ಬೇಕಿದ್ದರೆ ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ತೆಗೆದು ನೋಡಿ. ವರ್ಷಕ್ಕೊಂದು ಕನ್ನಡದ ಹೆಸರು ಸಿಗುತ್ತದೆ. ಅಂಗಡಿಯಲ್ಲಿ ಕೇಳಲು ಅಷ್ಟು ಸಾಕು.

ಇದರ ತೊಂದರೆಯೂ ಗೊತ್ತಿರಲಿ. ಎರಡನೇ ವಾರ ಯಾರದೋ ಮನೆಯಲ್ಲಿ ಗೃಹಪ್ರವೇಶ, ಮೂರನೇ ವಾರ ಗುಂಪು ಚದುರುತ್ತದೆ. ದುಡ್ಡು ಕಟ್ಟಿದ ತರಗತಿಗೆ ಇರುವ ಬಿಗಿ ಇದಕ್ಕಿಲ್ಲ.

‘ನಿಮ್ಮ ಮಗು ಲೇಖಕ’

ಈಚೆಗೆ ಜಾಸ್ತಿ ಕಾಣುವ ಆಮಿಷ ಇದು. ಶಿಬಿರದ ಕೊನೆಗೆ ಮಗುವಿನ ಕಥೆ ಪುಸ್ತಕವಾಗಿ ಬರುತ್ತದೆ, ಪುಸ್ತಕಗಳ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಸಿಗುತ್ತದೆ, ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಇರುತ್ತದೆ, ಅದಕ್ಕೆ ಇಷ್ಟು ಸಾವಿರ. ಕೊಡುವ ಮೊದಲು ಎರಡು ವಿಷಯ ತಿಳಿದಿರಲಿ. ಭಾರತದಲ್ಲಿ ಐಎಸ್‌ಬಿಎನ್ ಕೊಡುವುದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ. ಅದಕ್ಕೆ ಶುಲ್ಕವಿಲ್ಲ. ಅಮೆಜಾನಿನಲ್ಲಿ ಸ್ವಂತ ಇ-ಪುಸ್ತಕ ಏರಿಸಲೂ ದುಡ್ಡು ಕೇಳುವುದಿಲ್ಲ. ಹಾಗಾದರೆ ನೀವು ಕೊಡುತ್ತಿರುವುದು ಪುಟ ವಿನ್ಯಾಸಕ್ಕೆ, ಮುದ್ರಣಕ್ಕೆ ಮತ್ತು ಅವರ ಶ್ರಮಕ್ಕೆ. ಅದಕ್ಕೆ ಬೆಲೆ ಇಲ್ಲ ಎನ್ನುತ್ತಿಲ್ಲ. ಎಷ್ಟು ಪ್ರತಿ, ಒಂದು ಪ್ರತಿಗೆ ಎಷ್ಟು ಎಂದು ಬಿಡಿಸಿ ಕೇಳಿ. ಪೋಷಕರೇ 20 ಪ್ರತಿ ಕೊಳ್ಳಬೇಕು ಎಂಬ ಷರತ್ತು ಇದ್ದರೆ ಅವರ ಗಿರಾಕಿ ಓದುಗನಲ್ಲ, ನೀವು.

ಮಗುವಿನ ಬರಹ ಹೊರಗೆ ಹೋಗಲೇಬೇಕು ಅನಿಸಿದರೆ ಪತ್ರಿಕೆಗಳ ಮಕ್ಕಳ ಪುಟಕ್ಕೆ ಕಳಿಸಿ. ಇಂಗ್ಲಿಷಿನಲ್ಲಿ ಬರೆಯುವವರಿಗೆ 1883ರಿಂದ ನಡೆಯುತ್ತಿರುವ ಕ್ವೀನ್ಸ್ ಕಾಮನ್‌ವೆಲ್ತ್ ಪ್ರಬಂಧ ಸ್ಪರ್ಧೆ ಇದೆ. ಭಾರತದ ಮಕ್ಕಳೂ ಭಾಗವಹಿಸಬಹುದು, ಪ್ರವೇಶ ಶುಲ್ಕ ಇಲ್ಲ. ಬಹುಮಾನ ಬರುತ್ತದೋ ಇಲ್ಲವೋ, ಒಂದು ಗಡುವಿಗೆ ಬರಹ ಮುಗಿಸುವ ಅಭ್ಯಾಸವಂತೂ ಆಗುತ್ತದೆ.

ಫೀಸು ಕಟ್ಟುವ ಮುನ್ನ

ಪೋಸ್ಟರಿನ ದರಕ್ಕೆ ಜಿಎಸ್‌ಟಿ ಸೇರಿದೆಯಾ ಕೇಳಿ. ಕಂಪನಿಗಳು ನಡೆಸುವ ಕೋಚಿಂಗ್‌ಗೆ ಅದು ಶೇ 18. 5,000 ಅಂದುಕೊಂಡದ್ದು 5,900 ಆಗುತ್ತದೆ. ತಿಂಗಳ ಚಂದಾ ಇರುವ ಆ್ಯಪ್ ಆದರೆ ಯುಪಿಐ ಆಟೊಪೇ ಒಪ್ಪಿಗೆ ಕೇಳುತ್ತದೆ. ರಜೆ ಮುಗಿದ ದಿನವೇ ಅದನ್ನು ನಿಲ್ಲಿಸಿ, ಇಲ್ಲದಿದ್ದರೆ ದೀಪಾವಳಿಯವರೆಗೂ ಸುಮ್ನೆ ಕಡಿತವಾಗುತ್ತಿರುತ್ತದೆ. ದುಡ್ಡು ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಬರುತ್ತದೆ ಕೂಡ. ನಾವು ಓದುವುದಿಲ್ಲ. ಎರಡು ತರಗತಿ ಆದ ಮೇಲೆ ಮಗುವಿಗೆ ಹಿಡಿಸದಿದ್ದರೆ ಎಷ್ಟು ವಾಪಸ್ ಕೊಡುತ್ತೀರಿ ಎಂದು ಬರಹದಲ್ಲಿ ತರಿಸಿಕೊಳ್ಳಿ. ವಾಟ್ಸಾಪ್ ಸಂದೇಶವೂ ಆದೀತು.

ತರಗತಿಯನ್ನು ರೆಕಾರ್ಡ್ ಮಾಡುತ್ತಾರಾ, ಮಗುವಿನ ಮುಖ ಮುಂದಿನ ವರ್ಷದ ಜಾಹೀರಾತಿನಲ್ಲಿ ಬರುತ್ತದಾ ಎಂದೂ ಕೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18ರ ಕೆಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎಂದಿದೆ. ಹಾಗಾಗಿ ಕೇಳುವುದಕ್ಕೆ ಸಂಕೋಚ ಬೇಡ.

ಎಐ ಬಗ್ಗೆ ಒಂದು ಮಾತು. ಕೆಲವು ಅಗ್ಗದ ಕೋರ್ಸ್‌ಗಳಲ್ಲಿ ಈಗ ಬರಹ ತಿದ್ದುವುದು ಯಂತ್ರವೇ. ಇಂಗ್ಲಿಷಿನಲ್ಲಿ ಕಾಗುಣಿತ, ವ್ಯಾಕರಣ ಹಿಡಿಯಲು ಪರವಾಗಿಲ್ಲ. ಕನ್ನಡದಲ್ಲಿ ಅದು ಮಗುವಿನ ಮಾತನ್ನು ಭಾಷಣದ ಮಾತಾಗಿಸುವುದೇ ಹೆಚ್ಚು. ಚಾಟ್‌ಜಿಪಿಟಿಯ ನಿಯಮದಲ್ಲೇ 13ರ ಕೆಳಗಿನವರಿಗೆ ಅವಕಾಶವಿಲ್ಲ, 18ರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು. ತಿದ್ದುವವರು ಮನುಷ್ಯರಾ ಎಂದು ನೇರವಾಗಿ ಕೇಳಿಬಿಡಿ.

ನೆಟ್‌ವರ್ಕ್ ಕೈಕೊಡುವ ಕಡೆ

ರಜೆಗೆ ಮಲೆನಾಡಿನ ಊರಿಗೆ ಹೋಗುವವರು ಈ ಇಡೀ ಲೆಕ್ಕವನ್ನು ಬೇರೆ ಥರ ಮಾಡಬೇಕು. ಒಂದು ಗಂಟೆಯ ಗುಂಪು ವಿಡಿಯೊಗೆ ಸುಮಾರು 1 ಜಿಬಿ ಡೇಟಾ ಹೋಗುತ್ತದೆ. ದಿನಕ್ಕೆ 1.5 ಜಿಬಿಯ ಪ್ಯಾಕ್ ಇದ್ದವರಿಗೆ ಅಲ್ಲಿಗೆ ಮೂರರಲ್ಲಿ ಎರಡು ಪಾಲು ಮುಗಿಯಿತು. ಗುಡುಗು-ಮಳೆಗೆ ಕರೆಂಟ್ ಹೋದರೆ ಅದೂ ಇಲ್ಲ. ಅಂಥವರಿಗೆ ಬರಹವನ್ನು ಫೋಟೊ ತೆಗೆದು ಕಳಿಸಿ, ಟೀಚರ್ ಧ್ವನಿ ಸಂದೇಶದಲ್ಲಿ ಉತ್ತರಿಸುವ ತರಗತಿ ಹೆಚ್ಚು ಹೊಂದುತ್ತದೆ. ಸಿಗ್ನಲ್ ಸಿಕ್ಕಾಗ ಕೇಳಿಕೊಂಡರಾಯಿತು.

ಆನ್‌ಲೈನ್ ಆಗಲೇಬೇಕು ಅಂತಲೂ ಇಲ್ಲವಲ್ಲ. ಮೈಸೂರಿನವರಿಗೆ ರಂಗಾಯಣದ ಚಿಣ್ಣರ ಮೇಳ ಇದೆ, ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಬಾಲಭವನದ ಬೇಸಿಗೆ ಶಿಬಿರ ಇದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬನ್ನಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದ ನಂತರ ಅಲ್ಲಿ ಮಕ್ಕಳ ಸದಸ್ಯತ್ವ ಉಚಿತವಾಗಿದೆ. ರಜೆಯಲ್ಲಿ ಎಷ್ಟು ಹೊತ್ತು ತೆರೆದಿರುತ್ತದೆ ಅಂತ ಮೇಲ್ವಿಚಾರಕರನ್ನು ಮೊದಲೇ ಕೇಳಿಕೊಳ್ಳಿ.